ಹೂಂ ಅಂದವನ ಹೆಸರು

ಈಗಲ್ ರಾಕ್, ಲಾಸ್ ಏಂಜಲೀಸ್
12 ಮಾರ್ಚ್ 2018

ರುದ್ರಣ್ಣಾ,

ಶನಿವಾರ ನೀ ಸ್ಟುಡಿಯೋಕ್ಕ ತಂದ ರೊಟ್ಟಿ, ಎಣಗಾಯಿ ಇವತ್ತಿಗೆ ಮುಗದ್ವು. ಡೆಲ್ ಅಜ್ಜ ಒಬ್ಬನ ಮೂರು ರೊಟ್ಟಿ ಹೊಡದ. ಎಪ್ಪತ್ನಾಕು ವಯಸ್ಸಿನ್ಯಾಗ ಆ ಖಾರ ತಿಂದು, ಕಣ್ಣು ಒರಸಿಕೊಂತ, "ಇದನ್ನ ಮಾಡಿದಾಕಿಗೆ ನನ್ನ ಸಲಾಮು" ಅಂದಾನ. ವೈನಿಗೆ ಹೇಳು.

ಒಂದು ಫಾರ್ಮ್ ಕಳಸೂದಿತ್ತು, ಅದರ ಜೋಡಿ ಈ ಕಾಗದ. ನೀ ಸೋಫಾದ ಮ್ಯಾಲ ಕುಂತಿದ್ದಿಯಲ್ಲ, ಆವಾಗ ಅಜ್ಜ ಗಿಟಾರ್ ಹಿಡಕೊಂಡು ಒಂದು ಉದ್ದನ್ನ ಹಾಡು ಹೇಳಿದ್ನಲ್ಲ? ಹಾಡು ಅನ್ನೂದಕ್ಕಿಂತ ಕತಿ. ಇಂಥಾದಕ್ಕ ಇಲ್ಲಿ ಅಮೆರಿಕಾನಾ ಅಂತಾರ. ಗಿಟಾರು, ಪಿಟೀಲು, ಹೊಲದ ಮಾತು, ಒಂದಿಷ್ಟು ಸಿಟ್ಟು. ನಮ್ಮ ಕಡೆ ಲಾವಣಿ ಇದ್ದಂಗ. ಅಂವ ಒಂದೊಂದು ಸಾಲು ಹೇಳಿದಾಗೂ ನೀ "ಹೂಂ" ಅಂದಿ. ನಿನಗ ನೆನಪೂ ಇರಲಿಕ್ಕಿಲ್ಲ. ಮೈಕ್ ಚಾಲೂ ಇತ್ತೋ ಮಾರಾಯಾ! ಒಟ್ಟು ಮೂವತ್ತೊಂದು ಹೂಂ, ನಾ ಎಣಿಸೀನಿ.

ರೆಕಾರ್ಡಿಂಗ್ ಕೆಟ್ಟಿತು ಅಂತ ಬೈತಾನ ಅಂದ್ಕೊಂಡು ಅಜ್ಜನ ಮಾರಿ ನೋಡಿದೆ. ಅಂವ ಪೂರ್ತಿ ಕೇಳಿದ, ಮತ್ತೊಮ್ಮೆ ಕೇಳಿದ. "ಐವತ್ತು ವರ್ಷ ಹಾಡೀನಿ. ಜನ ಚಪ್ಪಾಳಿ ಹೊಡದಾರ, ಬಾಟ್ಲಿ ಒಗದಾರ. ಹಿಂಗ ಯಾರೂ ಕೇಳಿದ್ದಿಲ್ಲ. ಈ ದನಿ ಇರಲಿ" ಅಂದ.

ಹಾಡು ಎಲ್ವಿರಾ ಅನ್ನಾಕಿದು. ಅಜ್ಜನ ಮನಿ ಬಾಜೂ ಇದ್ದಾಕಿ, ಇಪ್ಪತ್ತು ವರ್ಷ ಸ್ಟ್ರಾಬೆರಿ ಹೊಲದಾಗ ಹಣ್ಣು ಬಿಡಿಸಿದಾಕಿ. ಹೋದ ವರ್ಷ ಕಾಗದಪತ್ರ ಇಲ್ಲಂತ ಆಕಿನ್ನ ಹಿಡದು ಮೆಕ್ಸಿಕೋ ಗಡಿ ಆಚೆ ಬಿಟ್ಟು ಬಂದ್ರು. ಪ್ರತಿ ನುಡಿ ಮುಗದಾಗ ಅಜ್ಜ ಸರ್ಕಾರಕ್ಕ ಒಂದು ಪ್ರಶ್ನಿ ಕೇಳ್ತಾನ. ಇಡೀ ಆಲ್ಬಮ್ ಈಗಿನ ಸರ್ಕಾರದ ಮ್ಯಾಲಿನ ಸಿಟ್ಟು, ಆದ್ರ ಈ ಹಾಡು ಅದರ ಜೀವ.

ನಿನ್ನ ದನಿ ಬಳಸಾಕ ಈ ಫಾರ್ಮಿಗೆ ಸಹಿ ಮಾಡಿ ಕಳಸು. ಆಲ್ಬಮ್ಮಿನ ಕವರಿನ ಮ್ಯಾಲ ನಿನ್ನ ಹೆಸರು ಬರ್ತೈತಿ. ಅದರ ಕೆಳಗ, ಜೀವನದಾಗ ಮೊದಲನೇ ಸಲ, ರೆಕಾರ್ಡಿಂಗ್ ಎಂಜಿನಿಯರ್ ಅಂತ ನನ್ನ ಹೆಸರು! ಎಂಟು ವರ್ಷ ಮಂದಿಗೆ ಕಾಫಿ ತಂದುಕೊಟ್ಟು, ಕೇಬಲ್ ಸುತ್ತಿಟ್ಟಾಕಿ ನಾ. ಉಳ್ಳಾಗಡ್ಡಿ ಮನಿತನದ ಎರಡು ಹೆಸರು ಒಂದ ಕವರಿನ್ಯಾಗ. ಅಂದಂಗ, ಇಂಗ್ಲಿಷಿನ್ಯಾಗ ಉಳ್ಳಾಗಡ್ಡಿಗೆ ನೀ ಎಷ್ಟು ಎಲ್ ಹಾಕ್ತಿ?

ಕುಣ್ಯಾಕತ್ತಿರೋ ನಿನ್ನ ತಂಗಿ,
ಗಗನಾ


ಕರ್ನಿ ಮೆಸಾ, ಸ್ಯಾನ್ ಡಿಯಾಗೋ
19 ಮಾರ್ಚ್ 2018

ಗಗನಾ,

ಫೋನ್ ಮಾಡಬ್ಯಾಡ. ವಾಟ್ಸಾಪ್ ಬ್ಯಾಡ, ಇಮೇಲ್ ಬ್ಯಾಡ. ಇಪ್ಪತ್ತು ವರ್ಷ ಟೆಲಿಕಾಂನ್ಯಾಗ ದುಡದೀನಿ, ಏನೇನು ಎಲ್ಲೆಲ್ಲಿ ಉಳಿತೈತಿ ನನಗ ಗೊತ್ತು. ಈ ಮಾತು ಏನಿದ್ರೂ ಕಾಗದದಾಗ, ಅದೂ ಕನ್ನಡದಾಗ. ಓದಿ ಹರದು ಒಗಿ.

ಏನ ಮಾಡಿ ಕುಂತೀಯವಾ ನೀ? ಆ ಮುದುಕ ಹೇಳಿದ್ದು ಒಂದು ಅಕ್ಷರ ನನಗ ತಿಳಿದಿಲ್ಲ. ಅವನ ಇಂಗ್ಲಿಷ್ ಬಾಯಾಗ ಅಡಕಿ ಇಟಕೊಂಡು ಮಾತಾಡಿದಂಗಿತ್ತು. ಒಬ್ಬ ಹಿರ್ಯಾ ಮನಶ್ಯಾ ಮಾರಿ ನೋಡಿ ಹೇಳಾಕತ್ತಾನ, ಕಲ್ಲಿನಂಗ ಕುಂದ್ರಾಕ ಬರ್ತೈತೇನು? ಹೂಂ ಅಂದೆ. ಅದು ಮರ್ಯಾದಿ, ಅಷ್ಟ.

ಆದ್ರ ಹೂಂ ಅಂದ್ರ ಒಪ್ಪಿಗಿ. ಮದವಿ ಮಾತುಕತಿಯೊಳಗ ಹೆಣ್ಣಿನ ಕಡೆಯವರು ಹೂಂ ಅಂದ್ರ ಮುಗೀತು, ಮುಂದ ಸಕ್ಕರಿ ಹಂಚೂದ. ನಾ ಮೂವತ್ತೊಂದು ಸಲ ಸರ್ಕಾರದ ವಿರುದ್ಧ ಹೂಂ ಅಂದೀನಿ. ನೀ ಅದನ್ನ ಊರಿಗೆಲ್ಲ ಕೇಳಸ್ತೀ, ಕೆಳಗ ನನ್ನ ಹೆಸರು ಹಾಕ್ತೀ, ಮ್ಯಾಲ ಎಷ್ಟು ಎಲ್ ಅಂತ ಕೇಳ್ತೀ!

ಸಿಟಿಜನ್‌ಶಿಪ್‌ಗೆ ಅಪ್ಲೈ ಮಾಡಿ ಎಂಟು ತಿಂಗಳಾತು. ಇವತ್ತಲ್ಲ ನಾಳೆ ಇಂಟರ್‌ವ್ಯೂಗೆ ಕರೀತಾರ. ಯಾವ ಸಂಘದಾಗ ಇದ್ದಿ, ಯಾವ ಪಾರ್ಟಿಯೊಳಗ ಇದ್ದಿ ಅಂತ ಆ ಫಾರ್ಮಿನ್ಯಾಗ ಕೇಳ್ಯಾರ. ಕನ್ನಡ ಸಂಘದ ಮೆಂಬರ್ ಅಂತ ಬರಿಯಾಕನ ನಾ ಮೂರು ದಿನ ವಿಚಾರ ಮಾಡೀನಿ. ಇಪ್ಪತ್ತೆರಡು ವರ್ಷ ಈ ದೇಶದಾಗ ಕೆಂಪು ದೀಪ ಇದ್ದಾಗ ರಸ್ತಾ ದಾಟಿದಾವಲ್ಲ. ಕುಂಬಳಕಾಯಿ ಕಳ್ಳ ಅಂದ್ರ ಹೆಗಲು ಮುಟ್ಟಿ ನೋಡ್ಕೊಂಡ ಅಂತ ನಿನ್ನ ವೈನಿ ಜಯಾ ನಗತಾಳ. ನಗಲಿ.

ನನ್ನ ಹೂಂ ತಗದು ಬಿಡು. ಫಾರ್ಮಿಗೆ ಸಹಿ ಮಾಡೂದಿಲ್ಲ. ನಿನ್ನ ವೀಸಾದ ಬಗ್ಗೆನೂ ಒಂಚೂರು ವಿಚಾರ ಇರಲಿ.

ನಿನ್ನ ಅಣ್ಣ,
ರುದ್ರಪ್ಪ


ಈಗಲ್ ರಾಕ್
2 ಏಪ್ರಿಲ್ 2018

ಅಣ್ಣಾ,

ನಿನ್ನ ಕಾಗದ ಹರದಿಲ್ಲ. ಸಿಟ್ಟು ಬಂದಾಗ ಮತ್ತ ಮತ್ತ ಓದಾಕ ಇಟಗೊಂಡೀನಿ.

ಅವ್ವ ನನ್ನ ತಲಿ ಹಿಕ್ಕುವಾಗ ಕತಿ ಹೇಳ್ತಿದ್ಲಲ್ಲ, ನೆನಪೈತೇನು? ಹುಬ್ಬಳ್ಳಿ ರೈಲ್ವೆ ಕ್ವಾರ್ಟರ್ಸಿನ ಹಿಂದಿನ ಕಟ್ಟಿ ಮ್ಯಾಲ. ನಾ ಹೂಂ ಅನ್ನೂದು ಬಿಟ್ರ ಆಕಿ ಬಾಚಣಿಗಿ ನಿಲ್ಲಸ್ತಿದ್ಲು, ಕತಿನೂ ನಿಲ್ಲಸ್ತಿದ್ಲು. ರಾಕ್ಷಸ ಬಂದು ಹುಡಿಗಿನ್ನ ಹೊತಗೊಂಡು ಹೋದ ಅಂದಾಗೂ ನಾ ಹೂಂ ಅಂತಿದ್ದೆ. ಹಂಗಾರ ನಾ ರಾಕ್ಷಸನ ಪಾರ್ಟಿ ಮೆಂಬರ್ ಆದ್ನೇನು? ಹೂಂ ಅಂದ್ರ ಒಪ್ಪಿಗಿ ಅಲ್ಲ, ಅಣ್ಣಾ. ಕೇಳಾಕತ್ತೀನಿ, ಮುಂದ ಹೇಳು ಅಂತ.

ಇನ್ನೊಂದು. ಎಲ್ಲಾ ಒಂದ ಕೋಣ್ಯಾಗ, ಒಂದ ಸಲಕ್ಕ ರೆಕಾರ್ಡ್ ಮಾಡಿದ್ದು. ನಿನ್ನ ಹೂಂ ಅಜ್ಜನ ಮೈಕಿನ್ಯಾಗೂ ಬಂದು ಕುಂತೈತಿ. ಪಲ್ಲೆದಾಗಿನ ಉಪ್ಪು ತಗಿ ಅಂದ್ರ ಎಲ್ಲಿಂದ ತಗೀಲಿ? ನೀ ಇಲ್ಲದ ಮತ್ತ ಹಾಡಸಿ ನೋಡಿದ್ವಿ. ನಾಕು ಸಲ. ನಾಕೂ ಸಲ ನಡುವ ನಿಲ್ಲಿಸಿದ. ಉಸರು ಸಾಲವಲ್ದು, ಎಲ್ಲಿ ತಡೀಬೇಕು ಗೊತ್ತಾಗವಲ್ದು. "ಆ ಮನಶ್ಯಾ ಎದುರಿಗಿದ್ರ ದಾರಿ ಸಿಗತಿತ್ತು" ಅಂದ. ನಿನ್ನ ಹೂಂ ಹೋದ್ರ ಹಾಡ ಹೋಗ್ತೈತಿ.

ನನ್ನ ವೀಸಾ ಇರೂದು ಅಜ್ಜ ಬರದುಕೊಟ್ಟ ಪತ್ರದ ಮ್ಯಾಲ. ಅದರ ಚಿಂತಿ ನನಗ ಬಿಡು. ಆಫೀಸಿನ್ಯಾಗ ಯಾರು ಏನ ಕೆಲಸ ಹಚ್ಚಿದ್ರೂ ಇಲ್ಲ ಅಂದಾವಲ್ಲ ನೀ. ಇಷ್ಟು ವರ್ಷದಾಗ ನಾ ಕೇಳಿದ್ದು ಇದೊಂದು, ಇದಕ್ಕ ಇಲ್ಲ ಅಂತೀ.

ಗಗನಾ


ಕರ್ನಿ ಮೆಸಾ
9 ಏಪ್ರಿಲ್ 2018

ಗಗನಾ,

ಮಾತಿಗೆ ಮಾತು ಬೆಳಸಬ್ಯಾಡ. ರಾಕ್ಷಸನ ಕತಿ ಇಂಟರ್‌ವ್ಯೂ ಆಫೀಸಿನ್ಯಾಗ ನಡಿಯೂದಿಲ್ಲ. ತಗಿ ಅಂದೆ, ತಗಿ. ತಗೂತನಕ ಈ ಮನಿಗೆ ಬರಬ್ಯಾಡ.

ರುದ್ರಪ್ಪ


ಈಗಲ್ ರಾಕ್
20 ಏಪ್ರಿಲ್ 2018

ರುದ್ರಣ್ಣಾ,

ತಗದ್ವಿ. ಹತ್ತು ಹಾಡಿನ ಆಲ್ಬಮ್ ಈಗ ಒಂಬತ್ತು.

ಅಜ್ಜಗ ನಾನ ಹೇಳಿದೆ. ನಿನ್ನ ಬೈತಾನ ಅಂದ್ಕೊಂಡಿದ್ದೆ, ಖರೇ ಹೇಳಬೇಕಂದ್ರ ಬೈಲಿ ಅಂತ ಆಸೆನೂ ಇತ್ತು. ಬೈಲಿಲ್ಲ. "ಬಾಗಿಲದಾಗ ನಿಂತಾವಗ ಒಳಗಿನವರನ್ನ ಬೈ ಅನ್ನಾಕ ಬರೂದಿಲ್ಲ" ಅಂದು ಗಿಟಾರಿನ ತಂತಿ ಸಡಲಿಸಿ, ಪೆಟ್ಟಿಗ್ಯಾಗ ಇಟ್ಟ. ಆವತ್ತು ಮತ್ತ ಹಾಡಲಿಲ್ಲ.

ಬಸವ ಜಯಂತಿಗೆ ನಾ ಯಾಕ ಬರಲಿಲ್ಲ ಅಂತ ಸೌಜನ್ಯ ಕೇಳಿದ್ರ ಕೆಲಸ ಇತ್ತಂತ ಅಂತ ಹೇಳು. ಕೂಸಿನ ಮುಂದ ಇವೆಲ್ಲ ಬ್ಯಾಡ.

ಗಗನಾ


ಕರ್ನಿ ಮೆಸಾ
14 ಆಗಸ್ಟ್ 2018

ಗಗನಾ,

ನಿಮ್ಮಣ್ಣ ಆಫೀಸಿಗೆ ಹೋಗಿದ್ದಾರೆ. ನಾನು ಬರೀತಿರೋದು ಅವರಿಗೆ ಗೊತ್ತಿಲ್ಲ. ನಾಲ್ಕು ತಿಂಗಳಾಯ್ತು ನಿನ್ನ ಮುಖ ನೋಡಿ. ನಿಮ್ಮಿಬ್ಬರ ಹಟ ನೋಡಿದ್ರೆ ನನಗೆ ಮೈಯೆಲ್ಲ ಉರಿಯುತ್ತೆ, ನಿಜವಾಗ್ಲೂ. ಇಬ್ರೂ ಒಂದೇ ಹೊಟ್ಟೇಲಿ ಹುಟ್ಟಿದೋರು ಅನ್ನೋದಕ್ಕೆ ಬೇರೆ ಸಾಕ್ಷಿ ಬೇಡ.

ಇಂಟರ್‌ವ್ಯೂ ಅಕ್ಟೋಬರ್ ಹತ್ತಕ್ಕೆ ಬಂದಿದೆ. ನೂರು ಪ್ರಶ್ನೆ ಬಾಯಿಪಾಠ ಮಾಡ್ಕೊಂಡು ಓಡಾಡ್ತಿದ್ದಾರೆ. ಒಗ್ಗರಣೆ ಹಾಕ್ತಿರ್ತೀನಿ, ಹಿಂದಿನಿಂದ ಬಂದು "ಸೆನೆಟರ್‌ಗಳು ಎಷ್ಟು ಮಂದಿ ಕೇಳು, ಕೇಳು" ಅಂತಾರೆ. ಸೌಜನ್ಯ "ಅಪ್ಪಾ, ಚಿಲ್" ಅಂದ್ರೆ ಅವಳ ಮೇಲೂ ರೇಗ್ತಾರೆ.

ನಿನಗೆ ಒಂದು ವಿಷಯ ಗೊತ್ತಿಲ್ಲ. ಹೇಳಬಾರದು ಅಂತ ಆಣೆ ಹಾಕಿಸ್ಕೊಂಡಿದ್ರು. ಆಣೆ ಮುರೀತಿದೀನಿ, ಪಾಪ ನನಗೇ ಬರಲಿ. 2009ರಲ್ಲಿ ನೀನು ಪೊಮೊನಾದಲ್ಲಿ ಓದ್ತಿದ್ದಾಗ ಇವರ ಕೆಲಸ ಹೋಯ್ತು. ಕೆಲಸ ಇಲ್ಲ ಅಂದ್ರೆ ವೀಸಾನೂ ಇಲ್ಲ. ನಾಲ್ಕು ವರ್ಷದ ಮಗು ಇಟ್ಕೊಂಡು ಏಳು ಪೆಟ್ಟಿಗೆ ಕಟ್ಟಿದ್ವಿ. ನಿನಗೆ ಗೊತ್ತಾದ್ರೆ ಓದು ಬಿಟ್ಟು ನಮ್ಮ ಜೊತೆ ಹೊರಟುಬಿಡ್ತೀಯಾ ಅಂತ ಹೇಳಲಿಲ್ಲ. ಪ್ರತಿ ಭಾನುವಾರ ನಿನಗೆ ಫೋನ್ ಮಾಡಿ ನಗ್ತಾ ಮಾತಾಡೋರು, ಆ ಪೆಟ್ಟಿಗೆ ಮೇಲೇ ಕೂತ್ಕೊಂಡು. ಕೊನೇ ವಾರದಲ್ಲಿ ಇನ್ನೊಂದು ಕಂಪನಿ ಕರೀತು. ಆದ್ರೆ ಆ ಏಳು ಪೆಟ್ಟಿಗೆ ಬಿಚ್ಚೋಕೆ ಬಿಡಲೇ ಇಲ್ಲ, ಗಗನಾ. ಮೂರು ವರ್ಷ ಸೋಫಾ ಹಿಂದೆ ಹಾಗೇ ಇದ್ವು. ಗ್ರೀನ್ ಕಾರ್ಡ್ ಬಂದ ದಿನ ತಾವೇ ಕೂತು ಬಿಚ್ಚಿದ್ರು.

ಅವರು ಮಾಡಿದ್ದು ಸರಿ ಅಂತ ನಾನು ಹೇಳ್ತಿಲ್ಲ. ನಿನ್ನ ಕೆಲಸಕ್ಕೆ ಕಲ್ಲು ಹಾಕಿದ್ರು, ನನಗೂ ಬೇಜಾರಾಗಿದೆ. ಅದೇನು ಹಾಡು ಅಂತ ನನಗಾದ್ರೂ ಕಳಿಸು. ಸಿಡಿ ಮಾಡಿ ಕಳಿಸು, ಅರ್ಥಾನೂ ಬರೆದು. ನನ್ನ ಕಾರಲ್ಲಿ ಹಾಕ್ಕೊಂಡು ಕೇಳ್ತೀನಿ.

ಪ್ರೀತಿಯಿಂದ,
ಜಯಾ


ಸ್ಯಾನ್ ಡಿಯಾಗೋ
10 ಅಕ್ಟೋಬರ್ 2018

ನನ್ನ ಗಗನವ್ವಾ,

ಪಾಸಾತು! ಮೊದಲು ಅದು ಹೇಳಿಬಿಡ್ತೀನಿ. ಈಗ ಎಲ್ಲಾ ಕೇಳು.

ನನ್ನ ಕಾರು ಗ್ಯಾರೇಜಿನ್ಯಾಗ ಐತಿ, ಜಯಾನ ಕಾರು ತಗೊಂಡು ಹೋಗಿದ್ದೆ. ಆಫೀಸರ್ ಒಬ್ಬಾಕಿ ಹೆಣ್ಣುಮಗಳು, ಐವತ್ತೈದು ಇರಬೇಕು, ಮೂಗಿನ ತುದಿಗೆ ಕನ್ನಡಕ. ಆರು ಪ್ರಶ್ನಿ ಕೇಳಿದ್ಲು, ಆರಕ್ಕ ಆರು ಸರಿ. ನನ್ನ ಎದಿ ಹಿಗ್ಗಿತು. ಆಮ್ಯಾಲ ಫಾರ್ಮ್ ತಗದು ಒಂದೊಂದ ಓದಾಕ ಸುರು ಮಾಡಿದ್ಲು. "ನೀವು ಯಾವಾಗರೆ ಕಮ್ಯುನಿಸ್ಟ್ ಪಾರ್ಟಿಯೊಳಗ ಇದ್ರೇನು?"

ನಾ ಹೂಂ ಅಂದೆ.

ಹಿರ್ಯಾಕಿ, ಮಾರಿ ನೋಡಿ ಮಾತಾಡಾಕತ್ತಾಳ, ಬಾಯಿ ಸುಮ್ಮನಿರಬೇಕಲ್ಲ? ಇಲ್ಲ ಅನ್ನೂದು ಪ್ರಶ್ನಿ ಎಲ್ಲಾ ಮುಗದ ಮ್ಯಾಲ ಅಂತ ತಲ್ಯಾಗ ಇತ್ತು. "ಸರ್ಕಾರ ಉರುಳಸಾಕ ನೋಡೀರೇನು?" ಹೂಂ. "ಭಯೋತ್ಪಾದಕರ ಸಂಗಡ ಇದ್ರೇನು?" ಹೂಂ. ಆಕಿ ಪೆನ್ನು ಇದ್ದಲ್ಲೇ ನಿಂತಿತು. ಕನ್ನಡಕದ ಮ್ಯಾಲಿಂದ ನೋಡಿದ್ಲು. "ಸರ್, ಇದು ಯೆಸ್ ಏನು?"

ಗಗನಾ, ಜೀವ ಝಲ್ ಅಂತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲಲ್ಲೋ ಶಿವನ ಅಂತ ಬೆವರು ಇಳದು, ಅಂಗಿ ತೊಯ್ದು ಹೋತು. "ನೋ ನೋ ಮ್ಯಾಡಮ್" ಅಂದೆ. "ಅದು ಯೆಸ್ ಅಲ್ಲ. ನಮ್ಮ ಭಾಷಾದಾಗ ಅದಕ್ಕ, ನಾ ಕೇಳಾಕತ್ತೀನಿ, ನೀವು ಮುಂದ ಹೇಳ್ರಿ ಅಂತ ಅರ್ಥ. ಯಾರೂ ಹೂಂ ಅನ್ನಲಿಲ್ಲಂದ್ರ ಹೇಳಾವರು ನಿಲ್ಲಸ್ತಾರ. ನಮ್ಮವ್ವ ನಿಲ್ಲಸ್ತಿದ್ಲು." ಅವ್ವನ ಕತಿ, ಬಾಚಣಿಗಿ, ರಾಕ್ಷಸ, ಎಲ್ಲಾ ಹೇಳಿದೆ! ಹೇಳಾಕತ್ತಾಗನ ಗೊತ್ತಾತು, ಇದು ನಿನ್ನ ಕಾಗದ. ಏಪ್ರಿಲ್‌ನ್ಯಾಗ ನೀ ಬರದದ್ದನ್ನ ಒಂದಕ್ಷರ ಬಿಡದ ಆಕಿ ಮುಂದ ಒಪ್ಪಿಸಾಕತ್ತಿದ್ದೆ.

ಆಕಿ ಪೂರ್ತಿ ಕೇಳಿದ್ಲು. "ನನ್ನ ಗಂಡ ಯೆಸ್ ಅಂತಾನ, ಕೇಳಿರೂದ ಇಲ್ಲ. ನೀವ ವಾಸಿ" ಅಂದು ನಕ್ಕಳು. ಮತ್ತ ಮೊದಲಿಂದ ಓದಿದ್ಲು. ನಾ ನೋ, ನೋ, ನೋ ಅಂದೆ. ಜೀವಮಾನದಾಗ ಅಷ್ಟು ಸಲ ಇಲ್ಲ ಅಂದಿದ್ದಿಲ್ಲ.

ಪಾರ್ಕಿಂಗ್ ಲಾಟಿಗೆ ಬಂದು ಜಯಾನ ಕಾರು ಚಾಲೂ ಮಾಡಿ, ಹೋಗುವಾಗ ಬಂದ್ ಇಟ್ಟಿದ್ದ ಸಿಡಿ ಹಚ್ಚಿದ್ರ ಒಳಗ ನಿನ್ನ ಮುದುಕ ಹಾಡಾಕತ್ತಾನ. ಸೀಟಿನ ಪಕ್ಕದಾಗ ನೀ ಆಕಿಗೆ ಬರದು ಕಳಿಸಿದ ಅರ್ಥ. ಅದನ್ನ ಕೈಯಾಗ ಹಿಡಕೊಂಡು ಪೂರ್ತಿ ಕೇಳಿದೆ. ಎಲ್ವಿರಾಗ ಸಾಮಾನು ಕಟ್ಟಾಕ ಇಪ್ಪತ್ತು ನಿಮಿಷ ಕೊಟ್ರು ಅಂತ ಒಂದು ಸಾಲು ಐತಲ್ಲ, ಅದಕ್ಕೂ ನಾ ಹೂಂ ಅಂದೀನಿ. ಏನೂ ತಿಳೀದ. ಅಲ್ಲೆ ಸ್ಟೇರಿಂಗ್ ಮ್ಯಾಲ ತಲಿ ಇಟ್ಟು ಅತ್ತೆ. ಬಾಜೂ ಕಾರಿನಾಂವ ಫೇಲ್ ಆದೆ ಅಂದ್ಕೊಂಡು ನೀರಿನ ಬಾಟ್ಲಿ ಕೊಟ್ಟ.

ಜಯಾ ನಿನಗ 2009ರದು ಹೇಳ್ಯಾಳ ಅಂತ ಇವತ್ತ ಸಂಜಿಕ ನನ್ನ ಮುಂದ ಒಪ್ಪಿದ್ಲು. ಚಲೋ ಆತು. ನಾ ನಿನ್ನ ಮ್ಯಾಲ ಸಿಟ್ಟಾಗಿದ್ದಿಲ್ಲ, ಅಂಜಿದ್ದೆ. ಅಂಜಿಕಿ ಅನ್ನಾಕ ನಾಚಿಕಿ ಬಂತು, ಸಿಟ್ಟು ಮಾಡಿದೆ. ತಪ್ಪಾತು ತಂಗಿ. ಮನಿಗೆ ಬರಬ್ಯಾಡ ಅಂದ ಬಾಯಿಗೆ ಹುಳ ಬೀಳಲಿ.

ಪ್ರಮಾಣವಚನ ಇನ್ನೂ ಮುಂದಿನ ತಿಂಗಳು. ಅಲ್ಲೀತನಕ ತಡೀರಿ ಅಂತ ಜಯಾ ಅಂತಾಳ. ತಡಿಯೂದಿಲ್ಲ. ಫಾರ್ಮಿಗೆ ಸಹಿ ಮಾಡಿ ಇದರ ಜೋಡಿ ಇಟ್ಟೀನಿ. ಹಾಡು ಇನ್ನೂ ಇದ್ರ, ಹಾಕಾಕ ಬರ್ತಿದ್ರ, ಹಾಕು. ರುದ್ರಪ್ಪ ಉಳ್ಳಾಗಡ್ಡಿ, ಪೂರ್ತಿ ಹೆಸರು. ಎಲ್ ಎರಡು.

ಆ ಎಲ್ವಿರಾ ಈಗ ಎಲ್ಲಿದ್ದಾಳ?

ನಿನ್ನ ಅಣ್ಣ,
ರುದ್ರಪ್ಪ


ಈಗಲ್ ರಾಕ್
16 ಅಕ್ಟೋಬರ್ 2018

ಅಣ್ಣಾ, ಅಣ್ಣಾ, ಅಣ್ಣಾ,

ನಿನ್ನ ಕಾಗದ ಅಜ್ಜಗ ಇಂಗ್ಲಿಷಿನ್ಯಾಗ ಓದಿ ಹೇಳಿದೆ. ಸರ್ಕಾರ ಉರುಳಸಾಕ ನೀ ಹೂಂ ಅಂದಿದ್ದು ಕೇಳಿ ಅಂವ ನಕ್ಕ ನಕ್ಕ, ಕೆಮ್ಮು ಹತ್ತಿ, ನಾ ಬೆನ್ನು ತಟ್ಟಬೇಕಾತು. ನಾನೂ ನಕ್ಕೆ. ಆಮ್ಯಾಲ ಬಾತ್‌ರೂಮಿಗೆ ಹೋಗಿ ಅತ್ತೆ. ಬಾಯಿಗೆ ಹುಳ ಗಿಳ ಬೀಳೂದು ಬ್ಯಾಡ, ದೀಪಾವಳಿಗೆ ಅದ ಬಾಯಿಲೆ ಕರಿ.

ಹಾಡು ಐತಿ. ನಾ ಆಲ್ಬಮಿನಿಂದ ತಗದಿದ್ದೆ, ಅಜ್ಜ ಅಳಿಸಾಕ ಬಿಟ್ಟಿದ್ದಿಲ್ಲ. ಪ್ರೆಸ್ಸಿಗೆ ಕಳಸಾಕ ಇನ್ನ ಹನ್ನೆರಡು ದಿನ ಇತ್ತು. ಮತ್ತ ಹತ್ತು ಹಾಡು! ಹತ್ತನೇದು ಮುಗದ ಮ್ಯಾಲ ನಿನ್ನ ಹೆಸರು, ಅದರ ಕೆಳಗ ನಂದು. ಪ್ರೂಫ್ ನೋಡಿದೆ. ಎಲ್ ಎರಡೂ ಅದಾವ.

ಎಲ್ವಿರಾ ಟಿಹುವಾನಾದಾಗ ಇದ್ದಾಳ. ಒಂದು ಹೊಲಿಗಿ ಕಾರ್ಖಾನ್ಯಾಗ ಕೆಲಸ. ಮಗಳು ಇಲ್ಲೇ, ಈ ಕಡೆ. ಗಡಿ ಅಂದ್ರ ದೂರ ಅಂದ್ಕೊಂಡಿಯೇನು? ನಿನ್ನ ಮನಿಯಿಂದ ಅರ್ಧ ತಾಸು.

ನಿನ್ನ,
ಗಗನಾ


ಕರ್ನಿ ಮೆಸಾ
11 ಮಾರ್ಚ್ 2019

ಗಗನಾ,

ಶನಿವಾರ ನಾ, ಜಯಾ, ಸೌಜನ್ಯ ಟಿಹುವಾನಾಕ್ಕ ಹೋಗಿದ್ವಿ. ಹೊಸಾ ಪಾಸ್‌ಪೋರ್ಟ್ ಅಂಗಿ ಒಳಕಿಸೆದಾಗ. ಇಷ್ಟು ವರ್ಷ ಇಲ್ಲಿದ್ದು ಒಮ್ಮೆರೆ ಹೋಗಿದ್ದಿಲ್ಲ ನಾ. ಆಫೀಸಿನವರು ಮೀನಿನ ಟಾಕೊ ತಿನ್ನಾಕಂತ ಹೋಗಿ ಬರ್ತಿದ್ರು. ನಾ ಹೊಟ್ಟಿ ಸರಿ ಇಲ್ಲ ಅಂತಿದ್ದೆ. ಹೋದ್ರ ವಾಪಸ್ ಬಿಡ್ತಾರೋ ಇಲ್ಲೋ ಅಂತ ಅಂಜಿಕಿ.

ನೀ ಕೊಟ್ಟ ಅಡ್ರೆಸ್ ಹಿಡಕೊಂಡು ಹುಡಿಕಿದ್ವಿ. ಎಲ್ವಿರಾ ಕುಳ್ಳಾಕಿ, ದನಿ ಮಾತ್ರ ಜೋರು. ಜಯಾನ ಕೈ ಹಿಡದು ಒಳಗ ಕರಕೊಂಡು ಹೋದ್ಲು. ಸೌಜನ್ಯ ಸಾಲ್ಯಾಗ ಕಲ್ತ ಸ್ಪ್ಯಾನಿಶ್ ಕೆಲಸಕ್ಕ ಬಂತು. ಆಕಿ ನಮಗ ಇಂಗ್ಲಿಷಿನ್ಯಾಗ ಹೇಳ್ತಿದ್ಲು, ಎಲ್ವಿರಾಗ ಸ್ಪ್ಯಾನಿಶ್‌ನ್ಯಾಗ. ನಮ್ಮ ಹುಡಿಗಿ ಕನ್ನಡಕ್ಕ ತೋರಿಸದ ಹುರುಪು ಅದಕ್ಕ ತೋರಿಸಿದ್ಲು.

ಸಿಡಿ ಹಾಕಿದ್ವಿ. ಎಲ್ವಿರಾ ಮಡಚಿದ ಬಟ್ಟಿ ತೊಡಿ ಮ್ಯಾಲ ಇಟಗೊಂಡು ಕಡೀತನಕ ಕೇಳಿದ್ಲು. ನಾ ಅಳ್ತಾಳ ಅಂದ್ಕೊಂಡಿದ್ದೆ. "ಡೆಲ್ ತಪ್ಪು ಹಾಡ್ಯಾನ. ಆವತ್ತು ನಾ ಹಾಕಿದ್ದು ಹಸರು ಅಂಗಿ ಅಲ್ಲ, ನೀಲಿ" ಅಂದ್ಲು. ಎಲ್ಲಾರೂ ನಕ್ವಿ. ಆಮ್ಯಾಲ ಗೋವಿನಜೋಳದ ಹಿಟ್ಟಿನ ಕಡುಬು ಕೊಟ್ಲು, ಎಲಿ ಬದಲಿ ಅದರ ತೆನಿ ಸಿಪ್ಪ್ಯಾಗ ಸುತ್ತಿದ್ದು. ದಾರಿಗೂ ಕಟ್ಟಿದ್ಲು.

ಬೀಳ್ಕೊಡಾಕ ಗಡೀತನಕ ಬಂದ್ಲು. ನಮ್ಮ ಸರತಿ ಮುಂದ ಸರದಂಗ ಆಕಿನೂ ಬೇಲಿ ಗುಂಟ ಸರದ್ಲು, ಸೌಜನ್ಯಾನ ಜೋಡಿ ಏನೇನೋ ಮಾತಾಡಿಕೊಂತ. ಒಂದು ತಾಸು. ಬೇಲಿ ಮುಗದಲ್ಲಿ ನಿಂತ್ಲು. ಮಗಳ ಮನಿಗೆ ಹೋಗಿ ಬರ್ರಿ, ನಾ ಆರಾಮ ಅದೀನಿ ಅಂತ ಹೇಳ್ರಿ ಅಂದ್ಲು. ಬರೂ ಐತವಾರ ಹೋಗ್ತೀವಿ, ನೀನೂ ಬಾ.

ತಪಾಸಣಿ ಕಿಟಕಿಗೆ ಬಂದು ಪಾಸ್‌ಪೋರ್ಟ್ ಮುಂದ ಇಟ್ಟೆ. ಆಫೀಸರ್ ಪಾಸ್‌ಪೋರ್ಟ್ ನೋಡಿದ, ನನ್ನ ಮಾರಿ ನೋಡಿದ. ಚೀಲದಾಗ ಏನೈತಿ ಅಂದ. ತಿನ್ನಾಕ ಕೊಟ್ಟಾರ್ರಿ ಅಂದೆ. ಹೋಗ್ರಿ ಅಂದ. ಮುಗೀತು! ಎದಿ ಮ್ಯಾಲಿನ ಕಲ್ಲು ಇಳದಂಗಾಗಿ, ಈ ಕಡೆ ಬಂದು ಜಯಾನ ಕೈ ಹಿಡಕೊಂಡು ನಡೂ ರಸ್ತ್ಯಾಗ ನಕ್ಕೆ. ಸೌಜನ್ಯಾಗ ನಾಚಿಕಿ ಬಂದು ಹತ್ತು ಹೆಜ್ಜಿ ಮುಂದ ಹೋದ್ಲು.

ಮನಿಗೆ ಬಂದು ಆ ಕಡುಬು ಬಿಚ್ಚುವಾಗ ಲೆಕ್ಕ ಹಾಕಿದೆ. ಆ ಕಿಟಕಿ ಮುಂದ ನಾ ನಿಂತಿದ್ದು ಒಂದು ನಿಮಿಷ ಇದ್ದಿರಬೇಕು, ಗಗನಾ. ಎಲ್ವಿರಾ ಇಪ್ಪತ್ತು ವರ್ಷ ಬೇಡಿದ್ದು ಆ ಒಂದು ನಿಮಿಷ.

ನಿನ್ನ ಅಣ್ಣ,
ರುದ್ರಪ್ಪ